ಓದುಗರ ಪ್ರಶ್ನೆ: ರೋಮಿನ ಬಾದಶಾ, ಮಿಲಾನಿನ ಬಿಷಪ್

ಪ್ರಶ್ನೆ: ಬಾದಶಾ ಕಾನ್‌ಸ್ಟಂಟೈನ್ 313ರಾಗ ಕ್ರಿಶ್ಚಿಯನ್ ಧರ್ಮಾನ ರೋಮಿನ ಸರ್ಕಾರಿ ಧರ್ಮ ಮಾಡಿದ ಅಂತ ಮಗಳ ಕೋಚಿಂಗ್ ನೋಟ್ಸ್‌ನ್ಯಾಗ ಐತಿ. ಖರೇ ಏನ್ರಿ? (ಜಮಖಂಡಿಯಿಂದ)

ಉತ್ತರ: ಸುಳ್ಳರಿ, ಆ ಲೈನ್ ಹೊಡದ ಹಾಕಾಕ ಹೇಳ್ರಿ ಮಗಳಿಗೆ. ಆ ವರ್ಷ ಅಂವ ಮತ್ತ ಇನ್ನೊಬ್ಬ ದೊರಿ ಲಿಸಿನಿಯಸ್ ಮಿಲಾನ್‌ದಾಗ ಕೂಡಿ ಒಪ್ಪಿದ್ದು ಇಷ್ಟ: ಯಾರು ಬೇಕಾದ ದೇವ್ರಿಗೆ ನಡಕೊಳ್ಳಲಿ, ಕ್ರಿಶ್ಚಿಯನ್ನರ ಕಡಿಂದ ಕಸಗೊಂಡ ಜಾಗಾ ವಾಪಸ್ ಕೊಡ್ರಿ. ಹತ್ತ ವರ್ಷದ ಹಿಂದ ಬಾದಶಾ ಡಯೊಕ್ಲೀಷಿಯನ್ ಚರ್ಚ್ ಕೆಡವಿ ಪುಸ್ತಕ ಸುಡಿಸಿದ್ದ, ಅದಕ್ಕ ಈ ಮಾತು. ಸರ್ಕಾರಿ ಧರ್ಮದ ಆರ್ಡರ್ ಬಂದಿದ್ದು 380ರಾಗ, ಬಾದಶಾ ಥಿಯೊಡೋಸಿಯಸ್ ಕಾಲಕ್ಕ. ಕಾನ್‌ಸ್ಟಂಟೈನ್ ಸ್ವತಃ ದೀಕ್ಷಾಸ್ನಾನ ಮಾಡಿಸ್ಕೊಂಡಿದ್ದು 337ರಾಗ, ಸಾಯೂ ಹೊತ್ನ್ಯಾಗ.

ಖರೇ ಮಜಾ ಬ್ಯಾರೆ ಕಡೆ ಐತಿ. ಅಂವ ಪಾದ್ರಿಗಳಿಗೆ ಊರಿನ ಕಡ್ಡಾಯ ಸೇವಾದಿಂದ ಮಾಫಿ ಕೊಟ್ಟ. ಆವಾಗ ಊರಿನ ಕೌನ್ಸಿಲ್ ಮೆಂಬರ್ ಆಗೂದು ಅಂದ್ರ ಈಗಿನ ಪುರಸಭೆಗೆ ಆರಿಸಿ ಬಂದಂಗ ಅಲ್ರಿ, ಅದು ಮನಿತನಕ್ಕ ಅಂಟಿದ ಹೊರಿ, ತೆರಿಗಿ ಪೂರಾ ವಸೂಲಾಗ್ಲಿಲ್ಲಂದ್ರ ಸ್ವಂತ ಕೈಯಿಂದ ತುಂಬ್ಬೇಕು, ಹಿಂಗಾಗಿ ಮಾಫಿ ಸುದ್ದಿ ಕೇಳಿದ್ದ ತಡ ದೊಡ್ಡ ಮನಿತನದವ್ರಿಗೆ ಒಮ್ಮಿಂದೊಮ್ಮೆಲೆ ಭಕ್ತಿ ಉಕ್ಕಿ ಪಾದ್ರಿ ಆಗಾಕ ಪಾಳಿ ಹಚ್ಚಿದ್ರು. ಕಡೀಕ ಕಾನ್‌ಸ್ಟಂಟೈನನೇ ಕಾಯ್ದೆ ತಂದ: ಒಬ್ಬ ಪಾದ್ರಿ ಸತ್ರ ಮಾತ್ರ ಆ ಜಾಗಾಕ್ಕ ಇನ್ನೊಬ್ಬ, ಅದೂ ಕೌನ್ಸಿಲ್ ಮನಿತನದವ ಆಗಿರಬಾರದು.

ಜಾತ್ರಿಗೆ ತೇರ ಮಾಡಿಸಿ ಕೊಟ್ಟಾಂವ ಮೈಕ್ ಬಿಡೂದಿಲ್ಲ ನೋಡ್ರಿ, ಹಂಗ ಆತು. 325ರಾಗ ಈಗಿನ ಟರ್ಕಿಯೊಳಗಿನ ನೈಸಿಯಾ ಊರಿಗೆ ಬಿಷಪ್ಪರನ್ನ ಸರ್ಕಾರಿ ಗಾಡಿಯೊಳಗ ಕರಿಸಿ, ದೇವ್ರ ಮಗ ಯೇಸು ತಂದಿ ದೇವ್ರಿಗೆ ಸಮ ಹೌದೋ ಅಲ್ಲೋ ಅನ್ನೋ ಜಗಳಕ್ಕ ತಾನೂ ನಡುವ ಕುಂತ, ಸಮ ಅಲ್ಲ ಅಂತಿದ್ದ, ಸಹಿ ಹಾಕದ ಪಾದ್ರಿ ಆರಿಯಸ್‌ನ್ನ ಗಡಿಪಾರು ಮಾಡಿದ. ಮುಂದ ಕಾನ್‌ಸ್ಟಂಟೈನ್‌ನ ಮಗ ಕಾನ್‌ಸ್ಟಂಟಿಯಸ್ ಕಾಲಕ್ಕಂತೂ ಸಭಾ ಮ್ಯಾಲ ಸಭಾ, ಬಿಷಪ್ಪರು ಗುಂಪು ಗುಂಪಾಗಿ ಓಡಾಡಿ ಸರ್ಕಾರಿ ಟಪಾಲಿನ ವ್ಯವಸ್ಥಾನ ಹಾಳ ಮಾಡಿದ್ರು ಅಂತ ಅಮ್ಮಿಯಾನಸ್ ಅನ್ನೋ ಮಾಜಿ ಸೈನಿಕ ಬರದಿಟ್ಟಾನ.

ಪ್ರಶ್ನೆ: ಬೈಬಲ್‌ದಾಗ ಯಾವ ಪುಸ್ತಕ ಇರ್ಬೇಕು ಅಂತ ನೈಸಿಯಾದಾಗ ವೋಟ್ ಹಾಕಿದ್ರಂತ, ವಾಟ್ಸಾಪ್‌ನ್ಯಾಗ ಬಂದಿತ್ತು. (ಗೋಕಾಕದಿಂದ)

ಉತ್ತರ: ಫಾರ್ವರ್ಡ್ ಮಾಡಬ್ಯಾಡ್ರಿ. ಅಲ್ಲಿ ಮಾಡಿದ 20 ನಿಯಮದಾಗ ಆ ವಿಷಯನ ಇಲ್ಲ. ಹೊಸ ಒಡಂಬಡಿಕೆಯ ಈಗಿನ 27 ಪುಸ್ತಕದ ಪಟ್ಟಿ ನಮಗ ಮೊದಲ ಸಲ ಸಿಗೂದು ಅಲೆಕ್ಸಾಂಡ್ರಿಯಾದ ಅಥನೇಸಿಯಸ್ 367ರಾಗ ಬರದ ಈಸ್ಟರ್ ಪತ್ರದಾಗ.

ಪ್ರಶ್ನೆ: ಒಬ್ಬ ಬಿಷಪ್ ಬಾದಶಾನ್ನ ಚರ್ಚ್ ಬಾಗಲದಾಗ ನಿಲ್ಲಿಸಿ ವಾಪಸ್ ಕಳ್ಸಿದ್ನಂತಲ್ಲ? (ಸಿಂದಗಿಯಿಂದ)

ಉತ್ತರ: ಬಾಗಲದ ಸೀನು ನಂತರದವ್ರು ಕಟ್ಟಿದ್ದು, ಒಳಗಿನ ಸಂಗತಿ ಖರೇ. 390ರಾಗ ಥೆಸಲೊನೈಕಾ ಊರಾಗ ರಥ ಓಡಿಸಾವನ್ನ ಹಿಡದ ಒಳಗ ಹಾಕಿದ್ರು ಅಂತ ಮಂದಿ ದಂಗೆ ಎದ್ದು ಬುಥೆರಿಕ್ ಅನ್ನೋ ಸೇನಾಧಿಕಾರಿನ್ನ ಕೊಂದ್ರು, ಸಿಟ್ಟಿಗೆದ್ದ ಥಿಯೊಡೋಸಿಯಸ್‌ನ ಸೈನಿಕರು ಊರ ಮಂದೀನ ಕಡದ್ರು. ಮಿಲಾನ್ ಬಿಷಪ್ ಅಂಬ್ರೋಸ್, ಅಂವ ಮೊದಲ ಮಿಲಾನ್‌ದಾಗ ಗವರ್ನರ್ ಆಗಿದ್ದಾಂವ ಬ್ಯಾರೆ, ಬಾದಶಾಗ ಸ್ವಂತ ಕೈಯಾಗ ಗುಟ್ಟಾಗಿ ಪತ್ರ ಬರದ: ನೀ ಬಂದ್ರ ನಾ ಪೂಜಿ ಮಾಡಂಗಿಲ್ಲ. ಬಾದಶಾ ರಾಜವೇಷ ತಗದಿಟ್ಟು ಚರ್ಚಿನೊಳಗ ಎಲ್ಲಾರ ಮುಂದ ಪಶ್ಚಾತ್ತಾಪ ಪಟ್ಟ.

ಇಷ್ಟ ಓದಿ ಚಪ್ಪಾಳಿ ಹೊಡಿಬ್ಯಾಡ್ರಿ. ಎರಡ ವರ್ಷದ ಹಿಂದ ಯೂಫ್ರೆಟಿಸ್ ದಂಡಿ ಮ್ಯಾಲಿನ ಕ್ಯಾಲಿನಿಕಮ್ ಊರಾಗ ಕ್ರಿಶ್ಚಿಯನ್ನರು ಯಹೂದಿಗಳ ಪ್ರಾರ್ಥನಾ ಮಂದಿರ (ಸಿನಗಾಗ್) ಸುಟ್ಟಿದ್ರು, ಅಲ್ಲಿ ಬಿಷಪ್ಪನ ರೊಕ್ಕದಾಗ ಅದನ್ನ ತಿರಗಿ ಕಟ್ಟಸ್ರಿ ಅಂತ ಇದ ಥಿಯೊಡೋಸಿಯಸ್ ಆರ್ಡರ್ ಮಾಡಿದ್ದ. ಆವಾಗ್ಲೂ ಪೂಜಿ ಮಾಡಂಗಿಲ್ಲಂತ ಎದರ ನಿಂತು ಆ ಆರ್ಡರ್ ವಾಪಸ್ ತಗಸಿದಾಂವ ಇದ ಅಂಬ್ರೋಸ್.