ಎಫ್‌ಎಫ್‌ಎಂ ಪದವೀಧರನ ಪರವಾಗಿ

"ಮಾನ್ಯ ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ನ್ಯೂಯಾರ್ಕ್ ರಾಜ್ಯದ ಗವರ್ನರ್ ಆಗಿದ್ದ ಅಲ್ ಸ್ಮಿತ್ ಅವರ ಪರಿಚಯ ಹಾಕಿದ್ದೀರಿ. ಎಂಟನೇ ತರಗತಿಯನ್ನೂ ಮುಗಿಸದೆ ಮೀನು ಮಾರುಕಟ್ಟೆ ಸೇರಿದವರು, ಟ್ಯಾಮನಿ ಹಾಲ್ ಎಂಬ ಭ್ರಷ್ಟ ಕೂಟದ ನೆರಳಲ್ಲಿ ಬೆಳೆದವರು, ಅಧ್ಯಕ್ಷ ಚುನಾವಣೆಯಲ್ಲಿ ಜನರಿಂದಲೇ ತಿರಸ್ಕೃತರಾದವರು. ಶಾಸಕರಾಗಲು ಕನಿಷ್ಠ ಒಂದು ಪದವಿ ಕಡ್ಡಾಯವಾಗಲಿ ಎಂದು ನಾವು ಕೇಳುತ್ತಿರುವಾಗ ಇಂಥವರನ್ನು ಹೊಗಳಿ ಮಕ್ಕಳಿಗೆ ಏನು ಹೇಳಲು ಹೊರಟಿದ್ದೀರಿ?"
– ನಿವೃತ್ತ ಅಧ್ಯಾಪಕರು, ಸಾಗರ

ಮೇಷ್ಟ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲು ಒಪ್ಪುವುದನ್ನು ಒಪ್ಪಿಬಿಡುತ್ತೇನೆ. ಓದು ದೊಡ್ಡದು. ಟ್ಯಾಮನಿ ಹಾಲ್ ಬಗ್ಗೆ ನೀವು ಬರೆದದ್ದರಲ್ಲೂ ಸುಳ್ಳಿಲ್ಲ. ನ್ಯೂಯಾರ್ಕ್ ನಗರದ ಡೆಮಾಕ್ರಟಿಕ್ ಪಕ್ಷವನ್ನು ಕೈಯಲ್ಲಿಟ್ಟುಕೊಂಡಿದ್ದ ಆ ಕೂಟ ಕಾಂಟ್ರಾಕ್ಟು, ನೌಕರಿ, ಮತ ಎಲ್ಲವನ್ನೂ ವ್ಯಾಪಾರಕ್ಕಿಟ್ಟಿತ್ತು. ಸ್ಮಿತ್ ಮೇಲೆ ಬಂದದ್ದು ಅದೇ ಏಣಿಯಿಂದ. ಆದರೆ ಏಣಿ ಹತ್ತಿ ಹೋದವನು ಮೇಲೆ ಏನು ಮಾಡಿದ ಎಂಬ ಕಡೆಗೆ ನಿಮ್ಮ ಪತ್ರ ಕಣ್ಣೆತ್ತಿಯೂ ನೋಡುವುದಿಲ್ಲ.

ಸ್ಮಿತ್ ಹುಟ್ಟಿದ್ದು 1873ರ ಡಿಸೆಂಬರ್ 30ರಂದು, ಮ್ಯಾನ್‌ಹಟನ್ನಿನ ಬಡ ವಲಸಿಗರ ಕೇರಿಯಲ್ಲಿ. ಆಗಿನ್ನೂ ಕಟ್ಟುತ್ತಿದ್ದ ಬ್ರೂಕ್ಲಿನ್ ಸೇತುವೆಯ ಬುಡದಲ್ಲೇ ಮನೆ. ಗಾಡಿ ಹೊಡೆಯುತ್ತಿದ್ದ ಅಪ್ಪ ಬೇಗ ತೀರಿಕೊಂಡ. ಹುಡುಗ ಶಾಲೆ ಬಿಟ್ಟದ್ದು ಅಲಕ್ಷ್ಯದಿಂದಲ್ಲ, ಮನೆಯಲ್ಲಿ ಒಲೆ ಉರಿಯಬೇಕಿತ್ತು. ಮುಂದೆ ಫುಲ್ಟನ್ ಮೀನು ಮಾರುಕಟ್ಟೆಯಲ್ಲಿ ವಾರಕ್ಕೆ 12 ಡಾಲರ್ ಸಂಬಳ, ನಸುಕಿನಲ್ಲೇ ಕೆಲಸ. ಅಂಗಡಿಯ ಮಾಳಿಗೆ ಹತ್ತಿ ದುರ್ಬೀನಿನಲ್ಲಿ ದೋಣಿಗಳನ್ನು ನೋಡುವುದೂ ಆ ಕೆಲಸದಲ್ಲಿ ಸೇರಿತ್ತು. ಯಾವ ದೋಣಿ ನೀರಿನಲ್ಲಿ ಎಷ್ಟು ಆಳ ಇಳಿದಿದೆ ಎಂದು ನೋಡಿ ಎಷ್ಟು ಮೀನು ಬರುತ್ತಿದೆಯೆಂದು ಧಣಿಗೆ ಹೇಳಬೇಕು. ಇದೂ ಒಂದು ಓದೇ ಅಲ್ಲವೇ ಮೇಷ್ಟ್ರೇ?

1904ರಲ್ಲಿ ರಾಜ್ಯದ ರಾಜಧಾನಿ ಆಲ್ಬನಿಯ ಶಾಸನಸಭೆಗೆ ಹೋದಾಗ ಅವನಿಗೆ ಸಿಕ್ಕಿದ್ದು ಹಿಂದಿನ ಸಾಲು. ಮೇಜಿನ ಮೇಲೆ ಮಸೂದೆಗಳ ರಾಶಿ, ಒಂದು ವಾಕ್ಯವೂ ತಲೆಗೆ ಹೋಗದು. ಮರುವರ್ಷ ಬ್ಯಾಂಕಿಂಗ್ ಸಮಿತಿಗೂ ಅರಣ್ಯ ಸಮಿತಿಗೂ ಹಾಕಿದರು. ಜ್ಯೂರಿ ಸಮನ್ಸ್ ಮುಟ್ಟಿಸಲು ಹೋದದ್ದು ಬಿಟ್ಟರೆ ಅವನು ಬ್ಯಾಂಕಿನ ಒಳಗೆ ಕಾಲಿಟ್ಟವನಲ್ಲ, ಕಾಡನ್ನಂತೂ ಕಂಡೇ ಇರಲಿಲ್ಲ. ಬಿಟ್ಟುಹೋಗುವ ಯೋಚನೆಯೂ ಬಂದಿತ್ತು. ಹೋಗಲಿಲ್ಲ. ಜೊತೆಯವರು ಊಟ, ಆಟ ಎಂದು ಹೊರಟ ಮೇಲೆ ಬಾಡಿಗೆ ಕೋಣೆಯಲ್ಲಿ ಕೂತು ಮಸೂದೆಗಳನ್ನು ಓದಿದ. ತಿದ್ದುಪಡಿ ಎಂದು ಬಂದರೆ ಯಾವ ಹಳೆಯ ಕಾಯಿದೆಗೆ ತಿದ್ದುಪಡಿಯೋ ಅದನ್ನು ಹುಡುಕಿ ಓದಿದ. ಯಾರೂ ಪೂರ್ತಿ ಓದದಿದ್ದ ವಾರ್ಷಿಕ ವೆಚ್ಚದ ಮಸೂದೆಯನ್ನು ಬಾಬು ಬಾಬಾಗಿ ಓದಿದ. 1911ಕ್ಕೆ ಬಹುಮತ ಪಕ್ಷದ ನಾಯಕ, 1913ಕ್ಕೆ ಸ್ಪೀಕರ್.

ಆ ದಿನಗಳದ್ದೇ ಒಂದು ಪ್ರಸಂಗ. ಚರ್ಚೆಯ ನಡುವೆ ಕಾರ್ನೆಲ್ ವಿಶ್ವವಿದ್ಯಾಲಯ ದೋಣಿ ಸ್ಪರ್ಧೆ ಗೆದ್ದ ಸುದ್ದಿ ಬಂತು. ಸದಸ್ಯರು ಒಬ್ಬೊಬ್ಬರಾಗಿ ಎದ್ದು ನಾನು ಯೇಲ್, ನಾನು ಹಾರ್ವರ್ಡ್ ಎಂದು ಹೇಳಿಕೊಂಡರು. ಸ್ಮಿತ್ ತಾನು ಎಫ್‌ಎಫ್‌ಎಂ ಎಂದ. ಅದೇನೆಂದು ಕೇಳಿದ್ದಕ್ಕೆ ಬಂದ ಉತ್ತರ: ಫುಲ್ಟನ್ ಫಿಶ್ ಮಾರ್ಕೆಟ್. 1915ರಲ್ಲಿ ರಾಜ್ಯದ ಸಂವಿಧಾನ ಪರಿಷ್ಕರಣೆಗೆ ಸಭೆ ಸೇರಿದಾಗ ಅಧ್ಯಕ್ಷತೆ ವಹಿಸಿದ್ದವರು ಎಲಿಹು ರೂಟ್. ದೊಡ್ಡ ವಕೀಲರು, ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು, ಎದುರು ಪಕ್ಷದವರು. ನ್ಯೂಯಾರ್ಕ್ ರಾಜ್ಯದ ವ್ಯವಹಾರವನ್ನು ಆ ಸಭೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಸ್ಮಿತ್ ಎಂದು ಹೇಳಿದವರು ಅವರೇ.

ಆದರೆ ಸ್ಮಿತ್‌ನ ನಿಜವಾದ ವಿದ್ಯಾಭ್ಯಾಸ ಶುರುವಾದದ್ದು 1911ರ ಮಾರ್ಚ್ 25ರಂದು ಎಂಬುದು ನನ್ನ ನಂಬಿಕೆ. ಅಂದು ನ್ಯೂಯಾರ್ಕ್ ನಗರದಲ್ಲಿ ಹೆಂಗಸರ ಕುಪ್ಪಸ ಹೊಲಿಯುವ ಟ್ರಯಾಂಗಲ್ ಶರ್ಟ್‌ವೇಸ್ಟ್ ಕಾರ್ಖಾನೆಗೆ ಬೆಂಕಿ ಬಿತ್ತು. ಬಾಗಿಲಿಗೆ ಬೀಗ ಹಾಕಿತ್ತು. 146 ಜನ ಸತ್ತರು. ಹೆಚ್ಚಿನವರು ಇಟಲಿಯಿಂದ, ಪೂರ್ವ ಯುರೋಪಿನಿಂದ ಬಂದ ಹುಡುಗಿಯರು, ಹೊಲಿಗೆ ಕೆಲಸದವರು. ತನಿಖೆಗೆ ಆಯೋಗ ರಚನೆಯಾಯಿತು. ರಾಬರ್ಟ್ ವ್ಯಾಗ್ನರ್ ಅಧ್ಯಕ್ಷ, ಸ್ಮಿತ್ ಉಪಾಧ್ಯಕ್ಷ. ಆ ಬೆಂಕಿಯನ್ನು ಬೀದಿಯಲ್ಲಿ ನಿಂತು ಕಣ್ಣಾರೆ ಕಂಡಿದ್ದ ಫ್ರಾನ್ಸಿಸ್ ಪರ್ಕಿನ್ಸ್ ಎಂಬ ತರುಣಿ ಇವರನ್ನು ಕಾರ್ಖಾನೆಯಿಂದ ಕಾರ್ಖಾನೆಗೆ ಕರೆದೊಯ್ದಳು. ಹಗ್ಗದ ಕಾರ್ಖಾನೆಯಲ್ಲಿ ಹತ್ತು ಗಂಟೆ ರಾತ್ರಿಪಾಳಿ ಮುಗಿಸಿ ಹೊರಬರುತ್ತಿದ್ದ ಹೆಂಗಸರ ಮುಖಗಳನ್ನು ಸ್ಮಿತ್‌ಗೆ ತೋರಿಸಿದಳು. ಬೆಂಕಿ ಬಿದ್ದರೆ ಇಳಿಯಲೆಂದು ಇಟ್ಟಿದ್ದ, ನೆಲಕ್ಕೆ 12 ಅಡಿ ಇರುವಾಗಲೇ ಮುಗಿದುಹೋಗುವ, ಹಿಮಗಟ್ಟಿದ ಕಬ್ಬಿಣದ ಏಣಿಗೆ ವ್ಯಾಗ್ನರರನ್ನು ಗೋಡೆಯ ಕಿಂಡಿಯಿಂದ ತೆವಳಿಸಿದಳು. ಆ ಆಯೋಗದಿಂದ ಮೂವತ್ತಕ್ಕೂ ಹೆಚ್ಚು ಕಾನೂನುಗಳು ಬಂದವು: ಬೀಗ ಹಾಕದ ಬಾಗಿಲು, ಬೆಂಕಿ ಕವಾಯತು, ಮಕ್ಕಳ ದುಡಿಮೆಗೆ ಮಿತಿ.

ಹಣ್ಣು ತರಕಾರಿ ಡಬ್ಬಿಗೆ ತುಂಬುವ ಕಾರ್ಖಾನೆಗಳ ಮಾಲೀಕರು ವಾರದ ರಜೆಯ ಕಾನೂನಿನಿಂದ ವಿನಾಯಿತಿ ಕೇಳಿಕೊಂಡು ಬಂದರು. ಸ್ಮಿತ್ ಎದ್ದು ನಿಂತು, ವಿಶ್ರಾಂತಿಯ ದಿನವನ್ನು ಪವಿತ್ರವಾಗಿ ಕಾಪಾಡು ಎಂಬ ದೇವರ ಆಜ್ಞೆಯನ್ನು ಗಮನವಿಟ್ಟು ಓದಿದ್ದೇನೆ, 'ಡಬ್ಬಿ ಕಾರ್ಖಾನೆಗಳನ್ನು ಹೊರತುಪಡಿಸಿ' ಎಂಬ ಮಾತು ಅದರಲ್ಲಿ ಎಲ್ಲೂ ಕಾಣಲಿಲ್ಲ ಎಂದ. ಕಾಯಿದೆ ಓದಿ ಓದಿ ಪಳಗಿದ ಕಣ್ಣಿಗೆ ಮಾತ್ರ ಹೊಳೆಯುವ ಮಾತು ಇದು.

ಅಲ್ಲಿ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರಂತೆ ನೇಮಕಗೊಳ್ಳುವವರಲ್ಲ, ಜನರೇ ಆರಿಸುವ ಆಡಳಿತದ ಯಜಮಾನ. ಆ ಕಾಲದಲ್ಲಿ ಎರಡೆರಡು ವರ್ಷದ ಅವಧಿ. ಸ್ಮಿತ್ 1918ರಲ್ಲಿ ಗೆದ್ದ, 1920ರಲ್ಲಿ ಸೋತ, 1922, 1924, 1926ರಲ್ಲಿ ಮತ್ತೆ ಗೆದ್ದ. ಬಿಡಿಬಿಡಿಯಾಗಿ ಹರಡಿಕೊಂಡಿದ್ದ ನೂರಾರು ಇಲಾಖೆ, ಮಂಡಳಿಗಳನ್ನು ಒಂದು ಹಿಡಿಯಷ್ಟು ಇಲಾಖೆಗಳಿಗೆ ಇಳಿಸಿದ. ಉದ್ಯಾನವನ, ಬಡವರ ವಸತಿ, ಎಲ್ಲಕ್ಕೂ ಮಿಗಿಲಾಗಿ ಸರ್ಕಾರಿ ಶಾಲೆಗಳಿಗೆ ರಾಜ್ಯದ ಹಣ ಹಲವು ಪಟ್ಟು ಹೆಚ್ಚಿತು. ಮತ್ತೊಂದು ಸಂಗತಿ ನಿಮ್ಮ ವೃತ್ತಿಯದ್ದೇ. 1920ರಲ್ಲಿ ಅಧ್ಯಾಪಕರ ನಿಷ್ಠೆಯನ್ನು ಪರೀಕ್ಷಿಸುವ ಮಸೂದೆಗಳನ್ನು ಶಾಸನಸಭೆ ಪಾಸು ಮಾಡಿ ಕಳಿಸಿದಾಗ ಸಹಿ ಹಾಕದೆ ತಿರಸ್ಕರಿಸಿದವನು ಈ ಶಾಲೆ ಬಿಟ್ಟ ಹುಡುಗ. ಮೇಷ್ಟರು ಹೆದರಿಕೊಂಡು ಪಾಠ ಹೇಳಬಾರದು ಎಂಬುದು ಅವನಿಗೆ ಗೊತ್ತಿತ್ತು.

ಇನ್ನು 1928ರ ಸೋಲು. ಅಲ್ಲಿ ಅಧ್ಯಕ್ಷರನ್ನು ನಿರ್ಧರಿಸುವುದು ರಾಜ್ಯವಾರು ಲೆಕ್ಕದ ಎಲೆಕ್ಟೋರಲ್ ಮತ. ಆಳುವ ರಿಪಬ್ಲಿಕನ್ ಪಕ್ಷದ ಹೂವರ್‌ಗೆ ಅಂಥ 444 ಮತ, ಸ್ಮಿತ್‌ಗೆ 87. ಸ್ವಂತ ನ್ಯೂಯಾರ್ಕ್ ಕೂಡ ಕೈಬಿಟ್ಟಿತು. ದೇಶದಲ್ಲಿ ಆಗ ಸಂಪತ್ತು ತುಂಬಿತ್ತು, ಮದ್ಯನಿಷೇಧವನ್ನು ಇವನು ವಿರೋಧಿಸುತ್ತಿದ್ದ, ಅವೂ ಕಾರಣಗಳೇ. ಆದರೆ ಪ್ರಾಟೆಸ್ಟಂಟರೇ ಹೆಚ್ಚಿದ್ದ ದೇಶದಲ್ಲಿ ದೊಡ್ಡ ಪಕ್ಷವೊಂದರಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತ ಮೊದಲ ಕ್ಯಾಥೊಲಿಕ್ ಅವನು. ಕರಿಯರನ್ನೂ ಕ್ಯಾಥೊಲಿಕರನ್ನೂ ದ್ವೇಷಿಸುವ ಬಿಳಿಯರ ಕೂಟ ಕು ಕ್ಲಕ್ಸ್ ಕ್ಲಾನ್ ಶಿಲುಬೆ ಸುಟ್ಟಿತು, ಹೆಂಡತಿಯ ನಡೆನುಡಿಯನ್ನೂ ಆಡಿಕೊಂಡರು. ಅದಕ್ಕೆ ಹಿಂದಿನ ವರ್ಷ ಅಟ್ಲಾಂಟಿಕ್ ಮಾಸಪತ್ರಿಕೆಯಲ್ಲಿ ಚಾರ್ಲ್ಸ್ ಮಾರ್ಷಲ್ ಎಂಬ ವಕೀಲರು ಬಹಿರಂಗ ಪತ್ರ ಬರೆದು, ಪೋಪ್‌ಗೆ ತಲೆಬಾಗುವವನು ಸಂವಿಧಾನಕ್ಕೆ ನಿಷ್ಠನಾಗಿರಬಲ್ಲನೇ ಎಂದು ಕೇಳಿದ್ದರು. ಸ್ಮಿತ್ ಅದೇ ಪತ್ರಿಕೆಯಲ್ಲಿ ಅಂಶ ಅಂಶವಾಗಿ, ಸಿಟ್ಟಿಲ್ಲದೆ ಉತ್ತರಿಸಿದ. ಪತ್ರಿಕೆ ನಡೆಸುವ ನನಗೆ ಆ ಪತ್ರ, ಆ ಉತ್ತರ ಎರಡೂ ಪ್ರಿಯ. ಆ ಸೋಲನ್ನು ಅವನ ಯೋಗ್ಯತೆಯ ಅಳತೆ ಎಂದು ನಾನು ಎಂದೂ ಒಪ್ಪಲಾರೆ. ಕೊನೆಗಾಲದಲ್ಲಿ, ತನ್ನದೇ ಪಕ್ಷದಿಂದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಮೇಲಿನ ಕಹಿಯಲ್ಲಿ, ಅವರ ಸುಧಾರಣೆಗಳನ್ನು ವಿರೋಧಿಸುತ್ತಿದ್ದ ಶ್ರೀಮಂತರ ಲಿಬರ್ಟಿ ಲೀಗ್ ಸೇರಿ ತಾನೇ ಬಿತ್ತಿದ್ದನ್ನು ಜರೆದನಲ್ಲ, ನನಗೆ ನೋವಾಗುವುದು ಅದಕ್ಕೆ.

ಈಗ ನಿಮ್ಮ ಕಡ್ಡಾಯ ಪದವಿಯ ಮಾತು. ಹರಿಯಾಣ 2015ರಲ್ಲಿ ಪಂಚಾಯಿತಿಗೆ ನಿಲ್ಲುವವರಿಗೆ ಶಾಲಾ ಅರ್ಹತೆ ವಿಧಿಸಿತು, ಸುಪ್ರೀಂ ಕೋರ್ಟ್ ಕೂಡ ಎತ್ತಿಹಿಡಿಯಿತು. ಅದರ ಪೆಟ್ಟು ಹೆಚ್ಚಾಗಿ ಬಿದ್ದದ್ದು ಬಡವರಿಗೆ, ದಲಿತರಿಗೆ, ಹೆಂಗಸರಿಗೆ. ಶಾಲೆ ಕೊಡದಿದ್ದ ಸರ್ಕಾರವೇ ಶಾಲೆ ಓದಿಲ್ಲವೆಂದು ಅವರನ್ನು ಬಾಗಿಲಲ್ಲಿ ತಡೆಯಿತು. ನಾನು ಹುಡುಗನಾಗಿದ್ದಾಗ ನಮ್ಮೂರಿನ ಪಂಚಾಯಿತಿ ಚೇರ್ಮನ್ನರಿಗೆ ಸಹಿ ಮಾಡುವಷ್ಟು ಮಾತ್ರ ಅಕ್ಷರ ಬರುತ್ತಿತ್ತು. ಮೇಲಿನಿಂದ ಸುತ್ತೋಲೆ ಬಂದರೆ ಸಂಜೆ ನನ್ನನ್ನು ಜಗಲಿಗೆ ಕರೆಸುತ್ತಿದ್ದರು. ಓದಿ ಮುಗಿಸಿದರೆ, "ಇನ್ನೊಂದ್ಸಲ ಓದು ಮಗಾ, 'ತಕ್ಕದ್ದು' ಅಂತ ಐತಾ, 'ಬಹುದು' ಅಂತ ಐತಾ?" ಎನ್ನುತ್ತಿದ್ದರು. ಆಗಬಹುದು, ಆಗತಕ್ಕದ್ದು ಇವೆರಡರ ನಡುವೆ ಊರಿನ ಕೆರೆಯೇ ಮುಳುಗಿಹೋಗುತ್ತದೆ ಎಂಬುದನ್ನು ನನಗೆ ಕಲಿಸಿದವರು ಅವರು. ಮುಂದೆ ವರದಿಗಾರನಾಗಿ ಪತ್ರಕರ್ತರ ಗ್ಯಾಲರಿಯಲ್ಲಿ ಕೂತಾಗ ಎರಡೆರಡು ಪದವಿಯ ಸದಸ್ಯರು ಹೆಸರನ್ನೂ ನೋಡದ ಮಸೂದೆಗೆ ಮೇಜು ಕುಟ್ಟುವುದನ್ನು ಕಂಡೆ. ಗದ್ದಲದ ನಡುವೆ ಅಂಗೀಕಾರ ಎಂದು ನಾವು ಬರೆದೆವು, ಅಂಗೀಕಾರವಾದದ್ದೇನು ಎಂದು ಬರೆಯಲಿಲ್ಲ. ಸದನದ ಬಾವಿಗೆ ಇಳಿದವರ ಫೋಟೊ ನಾಲ್ಕು ಕಾಲಂ, ಮಸೂದೆಗೆ ನಾಲ್ಕು ಸಾಲು. ಓದುಗರೂ ಕೇಳಲಿಲ್ಲ. ಬಜೆಟ್ ದಿನ ಯಾವುದು ಅಗ್ಗ, ಯಾವುದು ತುಟ್ಟಿ ಎಂಬ ಪಟ್ಟಿ ನೋಡಿ ಪತ್ರಿಕೆ ಮಡಚಿಡುತ್ತಾರೆ. ಈ ದೂರು ನಿಮ್ಮ ಮೇಲೂ ಇದೆ ಮೇಷ್ಟ್ರೇ, ನನ್ನ ಕಸುಬಿನ ಮೇಲೂ ಇದೆ.

ನಿಮ್ಮ ಕೈಯಲ್ಲಿ ಓದಿದವರು ಸಾಗರದ ಸುತ್ತಮುತ್ತ ನೂರಾರು ಜನ ಇದ್ದಾರು. ಮುಂದಿನ ಅಧಿವೇಶನದಲ್ಲಿ ಮಂಡನೆಯಾಗುವ ಒಂದು ಮಸೂದೆಯನ್ನು ತರಿಸಿಕೊಂಡು ಅವರಲ್ಲಿ ನಾಲ್ವರನ್ನು ಕೂರಿಸಿ ಮೊದಲಿನಿಂದ ಕೊನೆಯವರೆಗೆ ಓದಿಸಿ. ಎಲ್ಲಿ 'ತಕ್ಕದ್ದು', ಎಲ್ಲಿ 'ಬಹುದು' ಎಂದು ಗುರುತು ಹಾಕಿ, ನಿಮಗೆ ಕಂಡದ್ದನ್ನು ಬರೆದು ಕಳಿಸಿ. ಅದಕ್ಕಾಗಿ ಎರಡು ಪುಟ ಎತ್ತಿಟ್ಟಿದ್ದೇನೆ.

– ಸಂ.