ಶುಭಾಶಯವೋ, ಅಭಿನಂದನೆಯೋ?

ಓದುಗರೊಬ್ಬರ ಪತ್ರ: "ಅಕ್ಕನ ಮಗಳು ಪಿಯುಸಿ ಪಾಸಾದಳು. 'ಹಾರ್ದಿಕ ಶುಭಾಶಯಗಳು' ಎಂದು ಕಳಿಸಿದೆ. ಗೆಳೆಯ ನೋಡಿ, 'ಅಭಿನಂದನೆ ಅನ್ನಬೇಕಿತ್ತು' ಎಂದ. ಎರಡೂ ಒಂದೇ ಅಲ್ವಾ? ನಮ್ಮೂರಿನ ಫ್ಲೆಕ್ಸ್‌ಗಳಲ್ಲಿ 'ಶುಭಾಷಯ' ಎಂದಿರುತ್ತದೆ. ಅದು ಸರಿಯೇ?"

ಉತ್ತರ: ನಿಮ್ಮ ಗೆಳೆಯರ ಮಾತೇ ಸರಿ. ಆದರೂ ಸುಮ್ನೆ ಒಪ್ಪಿಕೊಳ್ಳದೆ ಕೇಳಿದಿರಲ್ಲ, ಅದು ನನಗೆ ತುಂಬ ಹಿಡಿಸಿತು.

ಶುಭ, ಆಶಯ ಎರಡೂ ಸೇರಿ ಶುಭಾಶಯ. ಆಶಯ ಎಂದರೆ ಮೂಲದಲ್ಲಿ ತಂಗುವ ಜಾಗ. ನೀರು ತಂಗಿದರೆ ಜಲಾಶಯ, ಕೂಸು ತಂಗಿದರೆ ಗರ್ಭಾಶಯ. ಮನಸ್ಸಿನಲ್ಲಿ ನೆಲೆಸಿದ ಬಯಕೆಗೂ ಅದೇ ಹೆಸರು ಬಂತು. ಎಷ್ಟು ಚೆಂದದ ಪದ ನೋಡಿ! 'ಜಲಾಷಯ' ಎಂದು ಯಾರೂ ಬರೆಯುವುದಿಲ್ಲ. ಇಲ್ಲಿ ಮಾತ್ರ ಭಾಷಣ, ಸುಭಾಷಿತಗಳ 'ಷ' ನುಸುಳಿಬಿಡುತ್ತದೆ.

ಬಾಯಿಗೆ ಶ, ಷ ಎರಡೂ ಒಂದೇ ಎನ್ನುವವರಿದ್ದಾರೆ. ಇರಲಿ. ಹಳಗನ್ನಡ 'ಭಾಷೆ'ಯನ್ನು 'ಬಾಸೆ' ಮಾಡಿಕೊಂಡಿತ್ತು. ಇಂಥ ತದ್ಭವಗಳಿಗೆ ವ್ಯಾಕರಣಕಾರ ಕೇಶಿರಾಜ 13ನೇ ಶತಮಾನದಲ್ಲೇ ಸೂತ್ರ ಬರೆದ. ಹಾಗೆ ಪದವನ್ನು ನಾಲಿಗೆಗೆ ಒಗ್ಗಿಸಿಕೊಳ್ಳುವುದು ಬೇರೆ, ಅರ್ಥ ಮರೆತು ಅಕ್ಷರ ಕೆಡಿಸುವುದು ಬೇರೆ.

ಇನ್ನು ಅಭಿನಂದನೆ. 'ಆನಂದ'ದಲ್ಲಿರುವ ನಲಿವೇ ಇದರಲ್ಲೂ ಇದೆ. ಆದ ಒಳ್ಳೆಯದನ್ನು ಕಂಡು ನಲಿಯುವುದು ಅಭಿನಂದನೆ; ಮುಂದೆ ಒಳ್ಳೆಯದಾಗಲಿ ಎನ್ನುವುದು ಶುಭಾಶಯ. ಪರೀಕ್ಷೆಗೆ ಹೊರಟ ಮಗುವಿಗೆ ಶುಭಾಶಯ, ಫಲಿತಾಂಶ ಬಂದ ಮೇಲೆ ಅಭಿನಂದನೆ. ಮದುವೆಗೆ ಎರಡೂ ಸಲ್ಲುತ್ತವೆ. ಇನ್ನೊಂದು ಮಾತು. 'ಶುಭಾಶಯ ಕೋರುತ್ತೇನೆ' ಎಂದು ಬಯಕೆಯನ್ನೇ ಮತ್ತೆ ಬಯಸುವುದೇಕೆ? 'ಶುಭ ಕೋರುತ್ತೇನೆ' ಎಂದರೆ ಸಾಕು.

ನಮ್ಮಪ್ಪ ಇನ್‌ಲ್ಯಾಂಡ್ ಪತ್ರ ಬರೆಯುವಾಗ ಪಕ್ಕದಲ್ಲೇ ಕೂತಿರುತ್ತಿದ್ದೆ. ಹಿರಿಯರಿಗೆ ಸಾಷ್ಟಾಂಗ ನಮಸ್ಕಾರ, ಕಿರಿಯರಿಗೆ ಆಶೀರ್ವಾದ, ಸರೀಕರಿಗೆ ವಂದನೆ. ಆಮೇಲೆ 'ಉಭಯಕುಶಲೋಪರಿ'. ಯಾರಿಗೆ ಯಾವ ಪದ ಎಂದು ಯೋಚಿಸುವಾಗ ಆ ಮನುಷ್ಯರ ಮುಖ ಅಪ್ಪನ ಕಣ್ಣ ಮುಂದೆ ಬರುತ್ತಿತ್ತು. ಈಗ ಯಾರೋ ಮಾಡಿದ ಹೂವಿನ ಚಿತ್ರವನ್ನು ಒಂದೇ ಸಲಕ್ಕೆ ನೂರು ಜನಕ್ಕೆ ಫಾರ್ವರ್ಡ್ ಮಾಡುತ್ತೇವೆ. ಫ್ಲೆಕ್ಸ್‌ಗಳಲ್ಲಂತೂ ಹಾರೈಕೆಗಿಂತ ಹಾರೈಸಿದವರ ಫೋಟೋಗಳೇ ಜಾಸ್ತಿ. ನನಗೆ ನೋವಾಗುವುದು ಕಾಗುಣಿತ ತಪ್ಪಿದ್ದಕ್ಕಿಂತ ಇದಕ್ಕೆ.

ನಿಮ್ಮ ಅಕ್ಕನ ಮಗಳಿಗೆ ಇನ್ನೊಂದು ಸಲ ಬರೆಯಿರಿ. ಹೆಸರು ಹಿಡಿದು, ನಿಮ್ಮ ಕೈಯಾರೆ. ಪಾಸಾದದ್ದಕ್ಕೆ ಅಭಿನಂದನೆ ಹೇಳಿ. ನೀವು ಮೊದಲು ಕಳಿಸಿದ ಶುಭಾಶಯ ಅವಳ ಮುಂದಿನ ಓದಿಗಿರಲಿ.