ಕ್ಯಾಮೆರಾ ಇದ್ರೂ ಬೀಳೋದು ಯಾಕೆ ನಿಂತಿಲ್ಲ?

ಪ್ರಶ್ನೆ: ಸರ್, ಫುಟ್‌ಬಾಲ್‌ಗೆ ವಿಎಆರ್, ಅಂದ್ರೆ ವಿಡಿಯೋ ನೋಡಿ ರೆಫರಿ ತಪ್ಪು ತಿದ್ದೋ ವ್ಯವಸ್ಥೆ, ಬಂದು ಇಷ್ಟು ವರ್ಷ ಆಯ್ತು, ಆದ್ರೂ ಪೆನಾಲ್ಟಿ ಬಾಕ್ಸ್‌ನಲ್ಲಿ ಸುಮ್‌ಸುಮ್ನೆ ಬಿದ್ದು ಒದ್ದಾಡೋದು, ಟೈಮ್ ಕಳೆಯೋದು ಯಾವ್ದೂ ನಿಂತಿಲ್ವಲ್ಲ? ಮತ್ತೆ ವಿಡಿಯೋ ನೋಡಿ ಏನು ಬಂತು?

ಉತ್ತರ: ಏನೂ ಬರ್ಲಿಲ್ಲ ಅಂದ್ರೆ ನಾನಂತೂ ಒಪ್ಪಲ್ಲ. 2018ರ ವರ್ಲ್ಡ್ ಕಪ್‌ನಲ್ಲಿ ಬ್ರೆಜಿಲ್ ಮತ್ತೆ ಕೋಸ್ಟರಿಕಾ ಮ್ಯಾಚ್ ನೆನಪಿದ್ಯಾ? ಸ್ಕೋರ್ 0-0, 78ನೇ ನಿಮಿಷ, ಗೋಲಿನ ಹತ್ರ ಡಿಫೆಂಡರ್ ಕೈ ಒಂಚೂರು ತಾಗಿದ್ದೇ ತಡ ಬ್ರೆಜಿಲ್‌ನ ನೇಯ್ಮಾರ್ ಎರಡೂ ಕೈ ಚೆಲ್ಲಿ ಹಿಂದಕ್ಕೆ ಬಿದ್ರು, ರೆಫರಿ ಪೆನಾಲ್ಟಿ ಕೊಟ್ಟೇಬಿಟ್ರು, ಆಮೇಲೆ ಗೆರೆ ಪಕ್ಕದ ಸ್ಕ್ರೀನ್ ನೋಡ್ಕೊಂಡು ಬಂದು ವಾಪಸ್ ತಗೊಂಡ್ರು. ಬ್ರೆಜಿಲ್ ಕೊನೆಗೆ 2-0 ಗೆದ್ದಿತು, ಆದ್ರೆ ಆಡಿ ಗೆದ್ದಿತು. ನನಗೆ ಅದೇ ದೊಡ್ಡದು.

ಆದ್ರೆ ವಿಎಆರ್ ಎಲ್ಲಾನೂ ನೋಡಲ್ಲ. 2018ರಲ್ಲಿ ನಿಯಮ ಬರೆದಾಗ ನಾಲ್ಕೇ ವಿಷಯ ಕೊಟ್ಟಿದ್ದು: ಗೋಲು, ಪೆನಾಲ್ಟಿ, ನೇರ ರೆಡ್ ಕಾರ್ಡ್, ಒಬ್ಬರ ಬದ್ಲು ಇನ್ನೊಬ್ಬರಿಗೆ ಕಾರ್ಡ್ ಕೊಟ್ಟಿದ್ದು. 2002ರ ವರ್ಲ್ಡ್ ಕಪ್‌ನಲ್ಲಿ ಟರ್ಕಿ ಆಟಗಾರ ಒದ್ದ ಬಾಲ್ ಕಾಲಿಗೆ ಬಿದ್ರೆ ಬ್ರೆಜಿಲ್‌ನ ರಿವಾಲ್ಡೊ ಮುಖ ಹಿಡ್ಕೊಂಡು ಉರುಳಿದ್ರಲ್ಲ, ಆ ಟರ್ಕಿಯವರು ಹೊರಗೆ ಹೋಗಿದ್ದು ಎರಡನೇ ಯೆಲ್ಲೋ ಕಾರ್ಡ್‌ಗೆ, ಅದು ಈ ನಾಲ್ಕರಲ್ಲಿ ಇಲ್ವೇ ಇಲ್ಲ. ಫಿಫಾ ಆಮೇಲೆ ರಿವಾಲ್ಡೊಗೆ ದಂಡ ಹಾಕ್ತು, ಮುಗಿದ ಮ್ಯಾಚ್‌ಗೆ ಅದ್ರಿಂದ ಏನಾಗುತ್ತೆ ಹೇಳಿ.

ಇನ್ನೊಂದು, ನನಗೆ ಜಾಸ್ತಿ ಸಂಕಟ ಆಗೋದು ಇಲ್ಲಿ. ಈಗಿನವರು ರೆಫರಿ ಕಣ್ಣಿಗಲ್ಲ, ಕ್ಯಾಮೆರಾಗೆ ಬೀಳ್ತಾರೆ. ಫಾರ್ವರ್ಡ್ ಕಾಲು ನೋಡ್ತಾ ಇರಿ, ಓಡ್ತಾ ಓಡ್ತಾ ಹಿಂದಿನ ಕಾಲನ್ನ ಬೇಕಂತಲೇ ಡಿಫೆಂಡರ್ ಕಾಲಿನ ಕಡೆ ಎಳೀತಾನೆ, ತಾಗುತ್ತೆ, ಬೀಳ್ತಾನೆ, ಮೊಣಕಾಲ ಕೆಳಗೆ ಹಿಡ್ಕೊಂಡು ಮಲಗೇ ಇರ್ತಾನೆ, ವಿಎಆರ್‌ನವರ ಮಾತು ಕೇಳೋಕೆ ರೆಫರಿ ಕೈ ಕಿವಿಗೆ ಹೋಗೋವರೆಗೂ ಏಳಲ್ಲ. ತಾಗಿದ್ದು ನಿಜ ಆದ್ದರಿಂದ ಸ್ಕ್ರೀನ್‌ನಲ್ಲೂ ತಾಗಿದ್ದೇ ಕಾಣುತ್ತೆ, ಅದನ್ನ ಸ್ಲೋ ಮೋಷನ್‌ನಲ್ಲಿ ನೋಡಿದ್ರೆ ಸಣ್ಣ ಸ್ಪರ್ಶನೂ ಒದೆ ಥರ ಅನ್ಸುತ್ತೆ. ಎಲ್ಲಿ ತಾಗಿತು ಅಂತ ತಿಳಿಯೋಕೆ ಮಾತ್ರ ಸ್ಲೋ ಮೋಷನ್, ಎಷ್ಟು ಜೋರಾಗಿ ತಾಗಿತು ಅನ್ನೋದನ್ನ ಮಾಮೂಲಿ ಸ್ಪೀಡ್‌ನಲ್ಲೇ ನೋಡ್ಬೇಕು ಅಂತ ನಿಯಮ ಇದೆ. ಅದನ್ನ ಬಿಗಿಯಾಗಿ ಪಾಲಿಸಿದ್ರೆ ಅರ್ಧ ಜಗಳ ಕಮ್ಮಿ ಆಗುತ್ತೆ ಅಂತ ನನ್ನ ನಂಬಿಕೆ.

ಟೈಮ್ ಕಳೆಯೋದಕ್ಕೆ ವಿಎಆರ್‌ನಿಂದ ಮದ್ದಿಲ್ಲ. ಅದಕ್ಕೆ 2025ರಲ್ಲಿ ಬೇರೆ ನಿಯಮಾನೇ ತಂದ್ರು, ಗೋಲ್‌ಕೀಪರ್ 8 ಸೆಕೆಂಡ್‌ಗಿಂತ ಜಾಸ್ತಿ ಬಾಲ್ ಹಿಡ್ಕೊಂಡ್ರೆ ಎದುರಾಳಿಗೆ ಕಾರ್ನರ್, ಕೊನೆ 5 ಸೆಕೆಂಡ್ ರೆಫರಿ ಕೈ ಎತ್ತಿ ಬೆರಳಲ್ಲಿ ಎಣಿಸ್ತಾರೆ. ಮೊದ್ಲು 6 ಸೆಕೆಂಡ್ ಅಂತ ಇತ್ತು, ಅದನ್ನ ಯಾರೂ ಲೆಕ್ಕಕ್ಕೇ ಇಟ್ಟಿರ್ಲಿಲ್ಲ.

ಪ್ರಶ್ನೆ: ಬೇಕಂತ ಬಿದ್ದಿದ್ದು ಅಂತ ಸ್ಕ್ರೀನ್‌ನಲ್ಲಿ ಗೊತ್ತಾದ್ರೆ ಕಾರ್ಡ್ ಕೊಡ್ಬಹುದಾ?

ಉತ್ತರ: ಖಂಡಿತ ಕೊಡ್ಬಹುದು. ಪೆನಾಲ್ಟಿ ರದ್ದು ಮಾಡಿ ಬಿದ್ದವನಿಗೇ ಯೆಲ್ಲೋ ಕಾರ್ಡ್ ತೋರಿಸೋ ಅಧಿಕಾರ ರೆಫರಿಗಿದೆ. ಅವತ್ತು ನೇಯ್ಮಾರ್‌ಗೆ ಬಿದ್ದಿದ್ದಕ್ಕೆ ಕಾರ್ಡ್ ಬರ್ಲಿಲ್ಲ. ಕೊಡ್ಬೇಕಿತ್ತು.